ಕಮಾಂಡರ್ ಮಲಗಿದ್ದಾರೆ

ಆಟ ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ ಎಂದು ಹೇಳಲು ಹುಲಿಗೆಮ್ಮನಿಗೆ ಇನ್ನು ಮೂರೇ ದಿನ ಉಳಿದಿದ್ದವು. ಬೆಲೆ ಅವಳ ಕೈಗೆ ಎಟುಕುವಂಥದೇ. ಅವಳ ಚಿಂತೆ ಅದಲ್ಲ. ದಿನಾ ಸಂಜೆ ನಾಲ್ಕರಿಂದ ಎಂಟೂವರೆಯವರೆಗೆ, ತಾನಿಲ್ಲದ ಮನೆಯಲ್ಲಿ, ಮಗಳ ಜೊತೆ ಕೂರಲು ಇದು ಯೋಗ್ಯವೇ? ಮನುಷ್ಯರಾಗಿದ್ದರೆ ಮುಖ ನೋಡಿ, ಊರು ಕೇರಿ ವಿಚಾರಿಸಿ, ಎರಡು ದಿನ ಚಹಾಕ್ಕೆ ಕರೆದು ತೂಗಬಹುದಿತ್ತು. ಆಟವನ್ನು ತೂಗುವುದು ಹೇಗೆ?

ಹುಲಿಗೆಮ್ಮ ಎಡದಂಡೆ ಕಾಲುವೆಯ ನಿಯಂತ್ರಣ ಕೊಠಡಿಯಲ್ಲಿ ಗೇಟು ಕಾಯುವವಳು. ಕಾಲುವೆಗೆ ನೀರು ಬಿಟ್ಟ ಹಂಗಾಮಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎಂಟರವರೆಗೆ ಅವಳ ಪಾಳಿ. ಗಂಡ ವಿರೂಪಣ್ಣ ಅಣೆಕಟ್ಟಿನ ಹಿನ್ನೀರಿನಲ್ಲಿ ಹೂಳೆತ್ತುವ ದೋಣಿಯ ಮೇಲಿದ್ದ. ಮೂರು ವಾರಕ್ಕೊಮ್ಮೆ ಮನೆಗೆ ಬಂದರೆ ಮೊದಲ ದಿನವೆಲ್ಲ ಅವನ ಕಿವಿಯಲ್ಲಿ ಇಂಜಿನ್ನೇ ಗುಂಯ್‌ಗುಡುತ್ತಿತ್ತು. ಮಗಳು ಪಂಪಾಳಿಗೆ ಹನ್ನೊಂದು ವರ್ಷ. ಶಾಲೆ ಬಿಟ್ಟ ಮೇಲೆ ಅವಳು ಪಕ್ಕದ ಗಂಗವ್ವನ ಮನೆಯಲ್ಲಿ ಇರುತ್ತಿದ್ದಳು. ಮಗಳ ಬಾಣಂತನಕ್ಕೆಂದು ಗಂಗವ್ವ ಸಿರುಗುಪ್ಪಕ್ಕೆ ಹೋಗಿ ಕೂತಳು. ಐದು ತಿಂಗಳಂತೆ.

ಆಗ ನಿಯಂತ್ರಣ ಕೊಠಡಿಯ ಜೊತೆಗಾರ ಮೌಲಾಸಾಬ್ ಹೇಳಿದ್ದ: “ಕಲಿಯೋ ಆಟ ಅಂತ ಬಂದಾವ ನೋಡ ತಂಗೆವ್ವ. ನನ್ನ ಮೊಮ್ಮಗಳಿಗೆ ಒಂದು ತಂದಾರ. ಅದರಾಗಿನ ಮುದುಕ ಥೇಟ್ ನನ್ನಂಗ ಕೆಮ್ಮತಾನ.”

ಆಟಗಳು ಕಲಿಯತೊಡಗಿ ಆಗ ಐದಾರು ವರ್ಷವಾಗಿತ್ತು. ಅದರ ಒಳಗುಟ್ಟು ಇಷ್ಟೆ. ಮೊದಲ ಮೂರು ಗಂಟೆ ಮನೆಯ ಹಿರಿಯರೊಬ್ಬರು ಆಡಬೇಕು. ಅವರು ಎಲ್ಲಿ ಅವಸರ ಮಾಡುತ್ತಾರೆ, ಎಲ್ಲಿ ತಡೆಯುತ್ತಾರೆ, ಯಾರನ್ನು ಮೊದಲು ಉಳಿಸುತ್ತಾರೆ, ಸೋತಾಗ ಏನಂತ ಬೈಯುತ್ತಾರೆ ಎಲ್ಲವನ್ನೂ ಆಟ ನೋಡಿಟ್ಟುಕೊಳ್ಳುತ್ತದೆ. ಮುಂಗೈಗೆ ಕಟ್ಟಿದ ಪಟ್ಟಿ ನಾಡಿಯನ್ನೂ ಓದುತ್ತದೆ. ಇದರಿಂದ ಒಂದು ಅಚ್ಚು ತಯಾರಾಗುತ್ತದೆ. ಮಗು ಆಡಲು ಕೂತಾಗ ಅದರ ಜೊತೆಗೆ ನಡೆಯುವ ಮುಖಂಡನ ಮನಸ್ಸು ಆ ಅಚ್ಚಿನದು. ಅಪ್ಪ ಅಮ್ಮ ಮನೆಯಲ್ಲಿ ಇಲ್ಲದಿದ್ದರೂ ಅವರ ರೀತಿನೀತಿ ಮನೆಯಲ್ಲಿರುತ್ತದೆ ಎನ್ನುವುದು ಕಂಪನಿಯ ಮಾತು. ಹುಲಿಗೆಮ್ಮನಿಗೆ ಆ ಮಾತೇ ಹಿಡಿಸಿದ್ದು.

ಆಟದ ಹೆಸರು ‘ಹದಿನಾರು ಗುಮ್ಮಟ’. ಶನಿಯ ಚಂದ್ರ ಟೈಟನ್ನಿನ ಮೇಲೆ ಮನುಷ್ಯರು ಕಟ್ಟಿಕೊಂಡ ಹದಿನಾರು ಗಾಜಿನ ಗುಮ್ಮಟಗಳು, ಅವುಗಳಿಗೆಲ್ಲ ಉಸಿರು ಕೊಡುವ ಒಂದೇ ಗಾಳಿಕೊಳವೆ, ಹೊರಗೆ ಕಿತ್ತಳೆ ಬಣ್ಣದ ಮಂಜು, ಮಂಜಿನಿಂದ ಬಂದು ಕೊಳವೆ ಕತ್ತರಿಸುವ ಕಬ್ಬಿಣದ ಚೇಳುಗಳು. ಆಡುವವರು ಒಂದು ಪಾತ್ರ ಹಿಡಿದು, ಹೊಡೆದಾಡಿ, ಗುಮ್ಮಟದಿಂದ ಗುಮ್ಮಟಕ್ಕೆ ಬಲಿಯುತ್ತ ಹೋಗಬೇಕು. ಚೇಳುಗಳೂ ಕಲಿಯುತ್ತಿದ್ದವು. ಅವು ಕಲಿಯುವುದು ಎದುರಾಳಿಯಿಂದ. ನೀವು ಹೇಗೆ ಹೊಡೆಯುತ್ತೀರೋ ನಾಳೆ ಅವೂ ಹಾಗೇ ಹೊಡೆಯುತ್ತವೆ.

ಮೊದಲ ದಿನ, ಮಗಳನ್ನು ಶಾಲೆಗೆ ಕಳಿಸಿ, ಹುಲಿಗೆಮ್ಮ ಕೈಪಟ್ಟಿ ಕಟ್ಟಿಕೊಂಡು ಟಿವಿಯ ಮುಂದೆ ಕೂತಳು. ಗಾಳಿ ಹಂಚುವ ಚಕ್ರ ಕಂಡದ್ದೇ ತಡ, ಬಂದೂಕು ಎಲ್ಲಿದೆ ಎಂದು ಕೂಡ ನೋಡದೆ, ಹದಿನಾರನೇ ಗುಮ್ಮಟದ ತೂಬನ್ನು ಮೊದಲು ತೆರೆದಳು. ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಿಸುವುದೇ ಅವಳ ದಿನನಿತ್ಯದ ಗೋಳು. ಮೇಲಿನವರು ಹೇಗಾದರೂ ತೆಗೆದುಕೊಳ್ಳುತ್ತಾರೆ. ಚೇಳುಗಳು ಬಂದವು, ಹೊಡೆದಳು. ಎರಡು ಸಲ ಸತ್ತಳು. ಬಣ್ಣ ಚೆನ್ನಾಗಿದೆ, ಸದ್ದು ಜಾಸ್ತಿ ಎಂದುಕೊಂಡಳು. ಬೆಳಗಿನ ನಾಲ್ಕಕ್ಕೆ ಎದ್ದ ಮೈ. ಎರಡನೇ ಗಂಟೆಯ ಹೊತ್ತಿಗೆ ಕಣ್ಣು ಎಳೆಯಿತು. ಮತ್ತೆ ಎಚ್ಚರವಾದದ್ದು ಯಾರದೋ ಮನೆಯ ಕುಕ್ಕರಿನ ಸೀಟಿಗೆ. ಗಡಿಯಾರ ನೋಡಿ, ಕೈಪಟ್ಟಿ ಕಿತ್ತೆಸೆದು, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಓಡಿದಳು. ಟಿವಿ ಆರಿಸಿದ್ದೂ ನೆನಪಿಲ್ಲ. ಅಚ್ಚು ತಯಾರಾಗಿದೆ ಎಂದು ಸಂಜೆ ಸಂದೇಶ ಬಂತು. ಸರಿ, ಮುಗಿಯಿತಲ್ಲ ಎಂದುಕೊಂಡಳು.

ಅಂದಿನಿಂದ ಮನೆಗೆ ಬಂದೊಡನೆ ಕೇಳುವುದು, “ಆಟ ಹೆಂಗೈತಬೇ?”

“ಚೊಲೊ ಐತಿ.”

“ಏನೇನ್ ಮಾಡಿದಿ?”

“ಹಂಗ… ಕಾವಲ ಕಾದೆ.”

ಅಷ್ಟರಲ್ಲಿ ಅನ್ನ ಆರುತ್ತಿತ್ತು, ನಾಳೆಯ ಬಟ್ಟೆ ಆಗಬೇಕಿತ್ತು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹನ್ನೊಂದನೇ ದಿನ, ಗುರುವಾರ, ಮೂರು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಅವಳ ಫೋನು ಮಿಡಿಯಿತು. ಆಟದ ಕಂಪನಿಯ ನಿರೂಪಾ ಎಂಬಾಕೆ. ಪರೀಕ್ಷೆಗೆ ಕೊಟ್ಟ ಆಟಗಳ ನಿಗಾ ಅವಳದು.

“ಮೇಡಂ, ತೊಂದರೆ ಕೊಡ್ತಿದೀನಿ. ನಿಮ್ಮ ಮನೆ ಆಟದಲ್ಲಿ ಏನೋ ದೋಷ ಇದ್ದ ಹಾಗಿದೆ. ದಿನಕ್ಕೆ ನಾಲ್ಕು ಗಂಟೆ ಆಡ್ತಿದಾರೆ, ಸರಿ. ಆದ್ರೆ ಹತ್ತು ದಿನದಿಂದ ಒಂದೂ ಹೊಡೆದಾಟ ಆಗಿಲ್ಲ. ಒಂದು ಗುಂಡು ಕೂಡ ಹಾರಿಲ್ಲ.”

ಹುಲಿಗೆಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. “ಮತ್ತ ನಾಕ್ ತಾಸು ಏನ್ ಮಾಡ್ತಾಳ್ರೀ ಆಕಿ?”

“ಅದೇ ನಮಗೂ ಗೊತ್ತಾಗ್ತಿಲ್ಲ. ಮನೆ ಒಳಗಿನ ಚಿತ್ರ ನಾವು ನೋಡೋ ಹಾಗಿಲ್ಲ, ಬರೀ ಲೆಕ್ಕ ಬರುತ್ತೆ. ನಿಮ್ಮ ಅಚ್ಚಿನ ಮುಖಂಡ ಅಲ್ಲಾಡ್ತಾನೇ ಇಲ್ಲ. ನೀವು ಹ್ಞೂಂ ಅಂದ್ರೆ ಈ ಅಚ್ಚು ಅಳಿಸಿ, ನಮ್ಮದೇ ಒಂದು ಸಿದ್ಧ ಅಚ್ಚು ಹಾಕಿಬಿಡ್ತೀನಿ. ತುಂಬ ಮನೆಗಳಲ್ಲಿ ಚೆನ್ನಾಗಿ ಓಡಿದೆ. ಐದು ನಿಮಿಷದ ಕೆಲಸ.”

“ನಾ ನೋಡೋಮಟ ಏನೂ ಮಾಡಬ್ಯಾಡ್ರಿ,” ಎಂದಳು ಹುಲಿಗೆಮ್ಮ.

ಫೋನಿಟ್ಟ ಮೇಲೆ ಅವಳ ಎದುರಿನ ಪರದೆಗಳಲ್ಲಿ ಇಪ್ಪತ್ತೆರಡು ಗೇಟುಗಳು ಎಂದಿನಂತೆ ನೀರು ಸುರಿಯುತ್ತಿದ್ದವು. ಅವಳ ಕಣ್ಣಿಗೆ ಕಂಡದ್ದು ಮಾತ್ರ ಅಲುಗಾಡದ ಟಿವಿಯ ಮುಂದೆ ನಾಲ್ಕು ತಾಸು ಸುಮ್ಮನೆ ಕೂತ ಮಗಳು. ಹತ್ತು ದಿನ. ತಾನು ತಂದಿಟ್ಟದ್ದು ಎಂಥ ವಸ್ತು?

ಮೌಲಾಸಾಬ್ ತನ್ನ ಪರದೆಯಿಂದ ಕಣ್ಣು ಕೀಳದೆ ಕೇಳಿದ, “ಏನಾತ?”

“ಮೌಲಣ್ಣ, ನಾಳೆ ನೀ ನನ್ನ ಪಾಳಿ ಮಾಡ್ತಿಯೇನ? ನಾಳೆ ನಿಂದು ಮುಂಜಾನಿ ಪಾಳಿ ಐತಲ್ಲ, ಅದನ್ನ ನಾ ಮಾಡ್ತೀನಿ. ಸಂಜಿಗೆ ಮನ್ಯಾಗಿರಬೇಕು.”

“ಶುಕ್ರವಾರ ಐತಿ, ನಮಾಜು ಮುಗಿಸಿ ಬರ್ತೀನಿ, ಒಂದೆರಡ್ ತಾಸು ಹೆಚ್ಚಿಗಿ ಕುಂದ್ರು.” ಮತ್ತೆ ಸೇರಿಸಿದ, “ಹುಡುಗಿಗೆ ಬೈಯಬ್ಯಾಡ ಮತ್ತ.”

“ಬೈಯೂದಾದ್ರ ನಿನಗ ಬೈಬೇಕು. ಹೇಳಿದಾಂವ ನೀನ.”

“ನನಗ ಬೈದ್ರ ನಡೀತದ. ನಮ್ಮನ್ಯಾಗ ದಿನಾ ಅದ ನಾಷ್ಟಾ.”

ಮರುದಿನ ಸಂಜೆ ನಾಲ್ಕಕ್ಕೆ ಪಂಪಾ ಬಾಗಿಲು ತೆರೆದಾಗ ಒಳಗೆ ತಾಯಿಯನ್ನು ಕಂಡು ಹೊಸ್ತಿಲಲ್ಲೇ ನಿಂತಳು.

“ಮೈ ಆರಾಮಿಲ್ಲೇನ?”

“ಆರಾಮ್ ಅದೀನಿ. ಪಾಳಿ ಬದಲಿ ಮಾಡೀನಿ. ನಿನ್ನ ಆಟ ನೋಡೂಣಂತ.”

ಪಂಪಾಳ ಮುಖದಲ್ಲಿ ಏನೋ ಸಿಕ್ಕಿಬಿದ್ದ ಭಾವ. ಕೈಕಾಲು ತೊಳೆದಳು, ಮಂಡಕ್ಕಿ ತಿಂದಳು, ಎರಡು ಸಲ ನೀರು ಕುಡಿದಳು. ಇನ್ನು ತಡಮಾಡಲು ಏನೂ ಉಳಿಯದಾದಾಗ ಟಿವಿ ಹಚ್ಚಿ, ಮೊದಲು ಸದ್ದನ್ನು ತೀರ ಕೆಳಗಿಳಿಸಿದಳು.

ಹದಿನಾರನೇ ಗುಮ್ಮಟ ಕಾಣಿಸಿತು. ಗಾಳಿಚಕ್ರದ ಕಟ್ಟೆಗೆ ಒರಗಿ ಆಟದ ಮುಖಂಡ ಕಮಾಂಡರ್ ಕುಳಿತಿದ್ದರು. ಶಿರಸ್ತ್ರಾಣ ಎದೆಗೆ ಬಾಗಿತ್ತು, ಒಂದು ಕೈ ತೊಡೆಯ ಮೇಲೆ ಅಂಗಾತವಾಗಿ ಬಿದ್ದಿತ್ತು. ಉಸಿರಿಗೆ ಭುಜ ಮೆಲ್ಲಗೆ ಏರಿಳಿಯುತ್ತಿತ್ತು.

“ಇವ್ರಿಗೇನಾಗೇತಿ?” ಎಂದು ಹುಲಿಗೆಮ್ಮ ಕೇಳಿದಳು.

ಪಂಪಾ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಕ ಮಾತಾಡು. ಮಲಗ್ಯಾರ.”

“ಯಾವಾಗಿಂದ?”

“ಮೊದಲನೇ ದಿನದಿಂದ. ನಾ ಒಳಗ ಬಂದೆ, ಅವ್ರು ನನ್ನ ನೋಡಿ ‘ಕಣ್ಣು ಕೊಟ್ಟೆ’ ಅಂದ್ರು. ನಾ ‘ತಗೊಂಡೆ’ ಅಂದೆ. ಮಲಗಿದ್ರು.”

ಹುಲಿಗೆಮ್ಮ ಮಗಳತ್ತ ತಿರುಗಿದಳು. ಅದು ನಿಯಂತ್ರಣ ಕೊಠಡಿಯ ಮಾತು. ಗೇಟುಗಳನ್ನು ಯಂತ್ರವೇ ಏರಿಸಿ ಇಳಿಸಿದರೂ, ಪರದೆಯ ಮೇಲೆ ಯಾವಾಗಲೂ ಒಬ್ಬರ ಕಣ್ಣು ಇರಲೇಬೇಕೆಂಬುದು ಅಲ್ಲಿನ ನಿಯಮ. ನೀರು ಕುಡಿಯಲು ಎದ್ದರೂ, ನಿದ್ದೆ ತಡೆಯದೆ ಹತ್ತು ನಿಮಿಷ ತಲೆ ಇಟ್ಟರೂ, ಪಕ್ಕದವರಿಗೆ ‘ಕಣ್ಣು ಕೊಟ್ಟೆ’ ಎನ್ನಬೇಕು. ಅವರು ‘ತಗೊಂಡೆ’ ಎನ್ನುವವರೆಗೆ ಕದಲುವಂತಿಲ್ಲ. ಮರಳಿ ಬಂದವರು ತಮ್ಮ ಕಣ್ಣನ್ನು ಬಾಯಿಬಿಟ್ಟು ಕೇಳಿ ವಾಪಸು ಪಡೆಯಬೇಕು. ಹದಿನಾಲ್ಕು ವರ್ಷದಲ್ಲಿ ಅದು ಅವಳಿಗೆ ಆಕಳಿಕೆಯಷ್ಟೇ ಸಹಜವಾಗಿತ್ತು. ಪಂಪಾಳಿಗೂ ಗೊತ್ತಿತ್ತು, ಒಲೆಯ ಮೇಲೆ ಹಾಲಿಟ್ಟು ತಾಯಿ ಹೊರಗೆ ಹೋಗುವಾಗ ಹೇಳುವುದೂ ಅದನ್ನೇ. ಆ ಮೊದಲ ದಿನ ಕಣ್ಣು ಎಳೆಯುವಾಗ ತಾನು ಟಿವಿಯ ಮುಂದೆಯೂ ಅದನ್ನೇ ಅಂದಿರಬೇಕು. ಅಂದು, ನಿದ್ದೆ ಹೋಗಿ, ಎದ್ದವಳು ಕಣ್ಣನ್ನು ವಾಪಸು ಕೇಳದೆ ಓಡಿಹೋಗಿದ್ದಳು. ಆಟ ಅದನ್ನೇ ಈ ಮನೆಯ ರೀತಿ ಎಂದು ಕಲಿತಿತ್ತು.

“ಹತ್ತು ದಿನಾನೂ ನೀ ಕಾಯಾಕತ್ತೀಯೇನ?”

“ತಗೊಂಡೆ ಅಂದೀನಲ್ಲ ಮತ್ತ.”

“ಚೇಳು ಬರಂಗಿಲ್ಲೇನ?”

“ಬರ್ತಾವ. ನೋಡು ಈಗ.”

ಕಿತ್ತಳೆ ಮಂಜಿನೊಳಗಿಂದ ಏಳು ಚೇಳುಗಳು ಹೊರಬಂದವು. ಒಂದೊಂದೂ ಎತ್ತಿನ ಗಾತ್ರದ್ದು, ಕೊಂಡಿಯಲ್ಲಿ ನೀಲಿ ಬೆಂಕಿ. ಹುಲಿಗೆಮ್ಮ ಆಡಿದಾಗ ಇವು ನೆಲ ನಡುಗಿಸುತ್ತ ನುಗ್ಗಿದ್ದವು. ಈಗ ಮುಂದಿನ ಚೇಳು ಒಂದು ಕಾಲೆತ್ತಿತು, ಗಾಳಿಯಲ್ಲಿ ತಡೆದು ಹಿಡಿಯಿತು, ಹತ್ತಿಯ ಮೇಲೆ ಇಡುವಂತೆ ನೆಲಕ್ಕಿಟ್ಟಿತು. ಹಿಂದಿನವೂ ಹಾಗೇ. ಎಂಟೆಂಟು ಕಾಲುಗಳ ಏಳು ಕಬ್ಬಿಣದ ಪ್ರಾಣಿಗಳು ಮಲಗಿದ ಕಮಾಂಡರರ ಮುಂದೆ ತುದಿಗಾಲಲ್ಲಿ ಹಾದು ಹೋದವು. ಕೊನೆಯದರ ಕೊಂಡಿ ಕೊಳವೆಗೆ ತಾಗಿ ಟಿಣ್ ಎಂದಿತು. ಉಳಿದ ಆರೂ ನಿಂತು, ತಿರುಗಿ, ಅದನ್ನು ದುರುಗುಟ್ಟಿ ನೋಡಿದವು.

ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮೂಗಿನಿಂದ ಬಂತು.

“ನಗಬ್ಯಾಡ,” ಎಂದು ಪಂಪಾ ಪಿಸುಗುಟ್ಟಿದಳು, ತಾನೂ ನಗುತ್ತ. “ಮೊದಲ ಭಾಳ ಸಪ್ಪಳ ಮಾಡ್ತಿದ್ವು. ನಾ ಹೊಡೀಲಿಲ್ಲ, ಗುಂಡು ಹಾರಿಸಿದ್ರ ಇವ್ರು ಏಳ್ತಾರ. ಅದಕ್ಕ ಮೆಲ್ಲಕ ಹಿಂದಿಂದ ಹೋಗಿ ಅವುಗಳ ಬೆನ್ನಮ್ಯಾಗಿನ ಗುಂಡಿ ಒತ್ತಿ ಆರಿಸ್ತಿದ್ದೆ. ನಾ ಹೆಂಗ ನಡೀತೀನಿ ನೋಡಿ ನೋಡಿ ಅವೂ ಹಂಗ ಕಲತಾವ. ಈಗ ಕೊಳವಿ ಕಡಿಯೂದೂ ಬಿಟ್ಟಾವ. ಕಡದ್ರ ಸಪ್ಪಳ ಆಗ್ತದಲ್ಲ.”

ಅಲ್ಲಿಗೆ ನಿರೂಪಾ ಹೇಳಿದ ದೋಷ ಇದು. ಒಂದು ಇಡೀ ಯುದ್ಧ, ದಣಿದ ಒಬ್ಬರ ನಿದ್ದೆ ಕೆಡಬಾರದೆಂದು, ತುದಿಗಾಲಲ್ಲಿ ನಿಂತುಬಿಟ್ಟಿತ್ತು.

ನಗು ಇಳಿದ ಮೇಲೆ ಹುಲಿಗೆಮ್ಮನಿಗೆ ಒಳಗೆ ಬೇರೇನೋ ಚುಚ್ಚತೊಡಗಿತು. “ನಿನಗ ಬ್ಯಾಸರಾಗಲಿಲ್ಲೇನ ಪಂಪಾ?”

“ಆತು. ನಾಕನೇ ದಿನ ಭಾಳ ಬ್ಯಾಸರಾತು. ನನಗ ಮಿಂಚಿನ ಚಾಟಿ ಸಿಕ್ಕೈತಿ, ಗೊತ್ತೈತೇನ? ಒಂದ್ ಸಲಾನೂ ಬೀಸಿಲ್ಲ.” ಅವಳು ಪರದೆಯ ಮೇಲೆ ತನ್ನ ಪಾತ್ರದ ಸೊಂಟದಲ್ಲಿ ಸುತ್ತಿಟ್ಟಿದ್ದ ಚಾಟಿಯನ್ನು ಆಸೆಯಿಂದ ತೋರಿಸಿದಳು.

“ಎಬ್ಬಸಬೇಕಿತ್ತಲ್ಲ ಮತ್ತ.”

ಪಂಪಾ ತಾಯಿಯ ಕಡೆ ನೋಡದೆ ಹೇಳಿದಳು, “ದಣದಿರ್ತಾರಲ್ಲ. ಹೆಂಗ ಎಬ್ಬಸೂದು?”

ಹುಲಿಗೆಮ್ಮ ಎದ್ದು ಅಡಿಗೆಮನೆಗೆ ಹೋಗಿ ಸುಮ್ಮನೆ ಒಂದು ಪಾತ್ರೆ ತೊಳೆದಳು. ಅದು ತೊಳೆದಿಟ್ಟದ್ದೇ. ನೀರು ಬಿಡದ ತಿಂಗಳುಗಳಲ್ಲಿ ಅವಳಿಗೆ ಬೆಳಗಿನ ಪಾಳಿ. ಮಧ್ಯಾಹ್ನ ಬಂದು ಉರುಳಿಕೊಂಡರೆ ಸಂಜೆಗೇ ಎಚ್ಚರ. ಏಳುವಾಗ ಮನೆ ಎಷ್ಟು ಸದ್ದಿಲ್ಲದೆ ಇರುತ್ತಿತ್ತೆಂದರೆ, ಮಗಳು ಶಾಲೆಯಿಂದ ಬಂದಿದ್ದಾಳೋ ಇಲ್ಲವೋ ಎಂದು ಅವಳು ಹೆಸರು ಹಿಡಿದು ಕೂಗುತ್ತಿದ್ದಳು. ಪಂಪಾ ಪಕ್ಕದಲ್ಲೇ ಕೂತಿರುತ್ತಿದ್ದಳು. ಇದು ಒಳ್ಳೆಯ ಹುಡುಗಿ, ಕಾಟವೇ ಇಲ್ಲ ಎಂದು ಹುಲಿಗೆಮ್ಮ ನೆಂಟರಿಷ್ಟರ ಮುಂದೆ ಹೇಳಿಕೊಂಡಿದ್ದಳು. ಆ ಒಳ್ಳೆಯತನದ ಒಳಗೆ ಏನಿತ್ತು ಎಂದು ಟೈಟನ್ನಿನಿಂದ ಬಂದು ಒಂದು ಆಟ ತೋರಿಸಬೇಕಾಯಿತು.

ಶನಿವಾರ ಕೆಲಸದ ನಡುವೆ ಅವಳೇ ನಿರೂಪಾಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳಿದಳು. 

“ಚೇಳು ತುದಿಗಾಲಲ್ಲಿ ನಡೀತಾವಾ?” ಎಂದು ನಿರೂಪಾ ಕೇಳಿದಳು. “ನಮ್ಮ ಚೇಳು?”

“ಹ್ಞೂಂರೀ. ಒಂದಕ್ಕೊಂದು ಗದರಿಸ್ತಾವ.”

“ಮೇಡಂ, ನಾನು ಇದನ್ನ ನಮ್ಮೋರಿಗೆಲ್ಲ ಹೇಳ್ಬೇಕು.” ಆಮೇಲೆ ದನಿ ಕೆಲಸಕ್ಕೆ ಮರಳಿತು. “ಆದ್ರೆ ಮಗುಗೆ ಇದು ಸರಿ ಅಲ್ಲ, ಅಲ್ವಾ? ಅಳಿಸಿಬಿಡೋಣ. ಸಿದ್ಧ ಅಚ್ಚಿನ ಮುಖಂಡರು ಯಾವತ್ತೂ ಮಲಗಲ್ಲ.”

ಯಾವತ್ತೂ ಮಲಗದವರು. ಹುಲಿಗೆಮ್ಮ ಆ ಮಾತನ್ನು ಒಂದು ಕ್ಷಣ ತಿರುಗಿಸಿ ನೋಡಿದಳು. ಅಂಥವರೊಬ್ಬರು ಮನೆಯಲ್ಲಿದ್ದರೆ ಎಷ್ಟು ಚೆಂದ. ದಿನಾ ಸಂಜೆ ಅವರೊಡನೆ ಹೊಡೆದಾಡಿ, ಗೆದ್ದು, ಎಂಟೂವರೆಗೆ ದಣಿದು ಬಾಗಿಲಲ್ಲಿ ನಿಲ್ಲುವ ತನ್ನನ್ನು ನೋಡಿದಾಗ ಪಂಪಾಳಿಗೆ ಹೇಗೆ ಕಾಣಬಹುದು?

“ಅಳಿಸಬ್ಯಾಡ್ರಿ. ಎಬ್ಬಸಿದ್ರ ಏಳಬೇಕು, ಅಷ್ಟ ಕಲಸಾಕ ಬರಂಗಿಲ್ಲೇನ್ರಿ?”

“ಕಲಿಸಬಹುದು. ಆದ್ರೆ ಬಾಯಲ್ಲಿ ಹೇಳಿದ್ದನ್ನ ಅಚ್ಚು ಕಲಿಯಲ್ಲ, ಮಾಡಿದ್ದನ್ನ ಮಾತ್ರ. ನೀವು ಕೈಪಟ್ಟಿ ಕಟ್ಕೊಂಡು ನಿಜವಾಗ್ಲೂ ಮಲಗ್ಬೇಕು. ಮಗು ನಿಜವಾಗ್ಲೂ ಎಬ್ಬಿಸಬೇಕು. ನಾಡಿ ನೋಡುತ್ತೆ, ಸುಳ್ಳು ನಿದ್ದೆ ಆದ್ರೆ ಗೊತ್ತಾಗ್ಬಿಡುತ್ತೆ.”

“ನಿದ್ದಿ ವಿಷಯದಾಗ ಚಿಂತಿ ಬ್ಯಾಡ್ರಿ,” ಎಂದಳು ಹುಲಿಗೆಮ್ಮ. “ಅದು ನನ್ನ ಕಡೆ ಬೇಕಾದಷ್ಟೈತಿ.”

ಭಾನುವಾರ, ನೀರು ಬಿಟ್ಟ ಮೇಲೆ ಅವಳಿಗೆ ಸಿಕ್ಕ ಮೊದಲ ರಜೆ. ಆಟಕ್ಕೆ ಅದು ಹದಿನಾಲ್ಕನೇ ದಿನ, ಕೊನೆಯದು. ಸಂಜೆ ಐದರೊಳಗೆ ಹ್ಞೂಂ ಅಥವಾ ಉಹ್ಞೂಂ ಹೇಳಬೇಕಿತ್ತು. ಊಟ ಮುಗಿಸಿ, ಟಿವಿಯ ಮುಂದೆ ಚಾಪೆ ಹಾಸಿ, ಇಬ್ಬರೂ ಕೈಪಟ್ಟಿ ಕಟ್ಟಿಕೊಂಡರು. ಪರದೆಯ ಮೇಲೆ ಕಮಾಂಡರ್ ಹಾಗೇ ಒರಗಿದ್ದರು.

“ನೋಡಬೇ,” ಎಂದು ಹುಲಿಗೆಮ್ಮ ಮಗಳಿಗೆ ತಿಳಿಸಿ ಹೇಳಿದಳು. “ನಾ ಈಗ ಮಲಗ್ತೀನಿ. ನಿನಗ ಚಾಟಿ ಬೀಸಬೇಕು ಅನಿಸಿದ್ರ ನನ್ನ ಎಬ್ಬಸು. ನಾ ಎದ್ರ ಅವ್ರೂ ಏಳ್ತಾರ. ಇಲ್ಲಾಂದ್ರ ಅವ್ರು ಏಳಂಗಿಲ್ಲ, ಈ ಆಟ ವಾಪಸ್ ಕೊಡಬೇಕಾಗ್ತದ.”

“ಸುಳ್ಳ ಸುಳ್ಳ ಮಲಗು. ನಾ ಸುಳ್ಳ ಸುಳ್ಳ ಎಬ್ಬಸ್ತೀನಿ.”

“ಅದಕ್ಕ ಗೊತ್ತಾಗ್ತದಂತ.”

“ಎಷ್ಟೊತ್ತಿಗೆ ಎಬ್ಬಸಲಿ?”

“ನಿನಗ ಬೇಕಾದಾಗ.”

ಪಂಪಾ ಉಗುರು ಕಚ್ಚಿದಳು. “ನಿನ್ನ ನಿದ್ದಿ ಆದಮ್ಯಾಲ ಎಬ್ಬಸ್ತೀನಿ.”

“ನಿದ್ದಿ ಆದಮ್ಯಾಲ ನಾನ ಏಳ್ತೀನಲ್ಲ, ನೀ ಯಾತಕ್ಕ?”

 ಹುಲಿಗೆಮ್ಮ ಮಗ್ಗುಲಾದಳು. ಇಷ್ಟೊಂದು ಯೋಚನೆಯಲ್ಲಿ ನಿದ್ದೆ ಹತ್ತೀತೇ ಎಂಬ ಅನುಮಾನ ಅವಳಿಗಿತ್ತು. ಅನುಮಾನ ಮುಗಿಯುವುದರೊಳಗೆ ನಿದ್ದೆ ಹತ್ತಿತ್ತು.

ಎಚ್ಚರವಾದದ್ದು ಭುಜದ ಮೇಲೆ ಬಿದ್ದ ಒಂದು ಕೈಗೆ. ಅಲುಗಿಸುವ ಕೈಯಲ್ಲ, ಬಿಸಿ ಇದೆಯೇ ಎಂದು ಮುಟ್ಟಿ ನೋಡುವಂಥದು. ಅದು ಹಿಂದೆ ಸರಿಯಿತು. ಮತ್ತೆ ಬಂತು. ಈ ಸಲ ಅಲುಗಿಸಿತು.

“ಯವ್ವಾ. ಏಳು. ನನಗ… ನನಗ ಬ್ಯಾಸರಾಗೈತಿ.”

ಹೇಳುವಾಗ ಪಂಪಾಳ ಕಣ್ಣು ತುಂಬಿತ್ತು, ಏನೋ ದೊಡ್ಡ ತಪ್ಪು ಮಾಡುತ್ತಿರುವವಳಂತೆ. ಹುಲಿಗೆಮ್ಮ ಎದ್ದು ಕೂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದೆಯಲ್ಲಿ ಏಳುತ್ತಿದ್ದುದು ದುಃಖವಲ್ಲ. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದ, ಸುಮ್ಮನೆ ಮುಗಿಯಬೇಕೆನಿಸುವ ಒಂದು ನೆಮ್ಮದಿ.

“ಎಷ್ಟೊತ್ತು ಮಲಗಿದ್ನಿ?”

“ಈಗ ಒರಗಿದಿ. ಐದು ನಿಮಿಷ.”

ಪರದೆಯ ಮೂಲೆಯಲ್ಲಿ ಆಟ ತನ್ನ ಪಾಡಿಗೆ ಬರೆದಿತ್ತು: ನಿದ್ದೆ, ಒಂದು ಗಂಟೆ ನಲವತ್ತು ನಿಮಿಷ. ಅದರ ಕೆಳಗೆ ಇನ್ನೊಂದು ಸಾಲು: ಕಾವಲುಗಾರ್ತಿ ಎಬ್ಬಿಸಲು ಹತ್ತಿರ ಬಂದು ಹಿಂದೆ ಸರಿದದ್ದು, ಒಂಬತ್ತು ಸಲ. ಹುಲಿಗೆಮ್ಮ ಎರಡನ್ನೂ ಓದಿದಳು. “ಐದ ನಿಮಿಷಾನ? ಭೇಷಾತು,” ಎಂದು, ಪರದೆಯತ್ತ ತಿರುಗಿ ಗಟ್ಟಿಯಾಗಿ ಹೇಳಿದಳು, “ನನ್ನ ಕಣ್ಣು ಕೊಡು.”

“ತಗೋ,” ಎಂದಳು ಪಂಪಾ.

ಹದಿನಾರನೇ ಗುಮ್ಮಟದಲ್ಲಿ ಕಮಾಂಡರರ ಶಿರಸ್ತ್ರಾಣ ಮೇಲೆದ್ದಿತು. ಅವರು ಕತ್ತು ಹೊರಳಿಸಿ, ಸೊಂಟ ಹಿಡಿದು, ಥೇಟ್ ಹುಲಿಗೆಮ್ಮನಂತೆ ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತರು. ಪಂಪಾ ಟಿವಿಯ ಸದ್ದನ್ನು ತುದಿಯವರೆಗೆ ಏರಿಸಿದಳು.

ಹೊಡೆದಾಟ ನಾಲ್ಕು ನಿಮಿಷ ನಡೆಯಿತು. ಹದಿಮೂರು ದಿನ ಸದ್ದಿಲ್ಲದೆ ನಡೆಯಲು ಕಲಿತ ಚೇಳುಗಳು ಯಾವ ಕಡೆಯಿಂದ ಬಂದವೆಂದೇ ಇಬ್ಬರಿಗೂ ಗೊತ್ತಾಗಲಿಲ್ಲ. ಚಾಟಿ ಬೀಸಿದ ಪಂಪಾ ಮೊದಲ ಏಟಿಗೇ ಕಮಾಂಡರರನ್ನು ಕೆಡವಿದಳು. ಮೂರು ಗುಮ್ಮಟಗಳು ಆರಿಹೋದವು.

“ಎಂಥಾ ಕಣ್ಣ ಕಾಯ್ತೀಯಬೇ, ಬೆನ್ನ ಹಿಂದ ಐತಿ ಅದು,” ಎಂದಳು ಹುಲಿಗೆಮ್ಮ.

“ನೀ ಚಕ್ರ ಹಿಡ್ಕೊಂಡು ನಿಂತ್ರ? ಹೊಡಿ ಮೊದಲ.”

“ಗಾಳಿ ಯಾರ ಬಿಡ್ತಾರ, ನಿಮ್ಮಪ್ಪನ?”

ಐದಕ್ಕೆ ಐದು ನಿಮಿಷವಿರುವಾಗ ನಿರೂಪಾ ಕರೆ ಮಾಡಿದಳು. ಅವಳು ತುಂಬಬೇಕಾದ ಒಂದು ನಮೂನೆ ಇತ್ತು. ನೋಟ ಹೇಗಿದೆ? ಚೆನ್ನಾಗಿದೆ, ಆ ಕಿತ್ತಳೆ ಮಂಜು ಸಂಜೆ ಹೊತ್ತು ನಮ್ಮ ಕಾಲುವೆಯ ಮೇಲೂ ಇರುತ್ತದೆ. ಹೊಡೆದಾಟ? ಸೋತೆವು, ಚೇಳುಗಳು ಭಾರಿ ಜಾಣ. ಕಥೆ? ಇನ್ನೂ ಎಲ್ಲಿ, ಈಗಷ್ಟೇ ಎದ್ದಿದ್ದೇವೆ.

“ಕೊನೇದು, ಮೇಡಂ. ಕೊಳ್ಳೋಕೆ ಯೋಗ್ಯ ಅಂತೀರಾ?”

“ತಗೋತೀವ್ರಿ. ಇದ ಅಚ್ಚು ಇರಲಿ.”

“ಇದು ನಡುವೆ ನಡುವೆ ಮಲಗುತ್ತೆ. ಆಮೇಲೆ ದೂರು ಬರಬಾರದು.”

“ಮಲಗಲಿ. ಎಬ್ಬಸೋರು ಅದಾರ.” ಹುಲಿಗೆಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. “ಇದನ್ನ ಮಾಡಿದೋರು ಯಾರೋ ನಾ ಕಾಣೆ. ಅವ್ರಿಗೆ ಒಂದ್ ಮಾತು ಮುಟ್ಟಸ್ರಿ. ನಾ ಇಲ್ಲದಾಗ ನನ್ನ ಮಗಳು ಹೆಂಗಿರ್ತಾಳ ಅಂತ ನನಗ ಯಾರೂ ತೋರಿಸಿರಲಿಲ್ಲ. ಹುಲಿಗೆಮ್ಮ ಅನ್ನಾಕಿ ಶರಣು ಅಂದಾಳ ಅಂತ ಹೇಳ್ರಿ.”

ನಿರೂಪಾ ಅದನ್ನು ನಮೂನೆಯ ಯಾವ ಅಂಕಣದಲ್ಲಿ ಬರೆದುಕೊಂಡಳೋ ತಿಳಿಯದು. ಬರೆದುಕೊಳ್ಳುವ ಸದ್ದಂತೂ ಕೇಳಿತು.

ಮುಂದಿನ ವಾರ ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ಪಾಳಿಗೆ ಹೋಗುವ ಮುಂಚೆ ಹುಲಿಗೆಮ್ಮ ಕೊಂಚ ಒರಗಿದ್ದಳು. ಬಟ್ಟೆ ಒಗೆದ ತೋಳುಗಳು ಕಲ್ಲಿನಂತಾಗಿದ್ದವು. ಕಣ್ಣು ಮುಚ್ಚಿ ನಿಜಕ್ಕೂ ಐದು ನಿಮಿಷ ಆಗಿರಲಿಲ್ಲ.

“ಯವ್ವಾ, ಏಳು ಏಳು. ಹದಿನಾರನೇ ಗುಮ್ಮಟದಾಗ ನಾ ಹಚ್ಚಿದ್ದ ಗಿಡಕ್ಕ ಬದನಿಕಾಯಿ ಬಿಟ್ಟಾವ. ಬಾ ನೋಡು.”

ಪಂಪಾ ಎರಡೂ ಕೈಯಿಂದ ಅವಳ ಭುಜವನ್ನು ದಬದಬ ಅಲುಗಿಸುತ್ತಿದ್ದಳು. ಹುಲಿಗೆಮ್ಮ ಮೊಣಕಾಲ ಮೇಲೆ ಕೈಯೂರಿ ಎದ್ದಳು, ಬದನೆಕಾಯಿ ನೋಡಲು ಹೋದಳು.